ಹೆಂಡತಿಗೆ ಅಗಿಸಿದ ಬೆಳ್ಳುಳ್ಳಿ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಹೂವಿನಹಡಗಲಿಯ ಆಸ್ಪತ್ರೆಯಲ್ಲಿ ವೈದ್ಯೆ, ನನ್ನ ಹೆಂಡತಿ, ನಾನು. ಬೊಜ್ಜಿನಿಂದಾಗುವ ಉರಿಯೂತವನ್ನು ಬೆಳ್ಳುಳ್ಳಿ ತಗ್ಗಿಸುತ್ತದೆ, ರೋಗನಿರೋಧಕ ಶಕ್ತಿಗೂ ಒಳ್ಳೆಯದು ಎಂದು ಓದಿ, ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಅವಳಿಗೆ ನಾಲ್ಕು ಹಸಿ ಎಸಳು ಅಗಿಸುತ್ತಿದ್ದೆ. ತೂಕ ಮಾತ್ರ ಏರಿತ್ತು.

"ಬೆಳ್ಳುಳ್ಳಿಯಿಂದ ಸ್ವಲ್ಪ ಅನುಕೂಲ ಆಗಬಹುದ್ರಿ, ಖಾತ್ರಿ ಇನ್ನೂ ಇಲ್ಲ. ನಡೆಯೋದು ಬಿಟ್ಟೀರೇನು?" ಎಂದರು ವೈದ್ಯೆ.

"ಮಲ್ಲಿಗಿ ಕಟ್ಟಾಕ ದಿನಾ ಗೆಳತ್ಯಾರ ಮನಿಗೆ ನಡಕೊಂತ ಹೋಗ್ತಿದ್ದೆ. 'ನೀ ಬಂದ್ರ ಮಲ್ಲಿಗಿ ವಾಸನಿನ ಬರವಲ್ದಲೇ' ಅಂತ ನಕ್ಕರು. ಅವತ್ತಿಂದ ಹೋಗಿಲ್ರಿ," ಎಂದಳು ಹೆಂಡತಿ.

ಅವಳು ಮನೆಯಲ್ಲೇ ಉಳಿದದ್ದನ್ನು ನಾನು ಕಂಡಿದ್ದೆ. ಏಕೆಂದು ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ಐದಕ್ಕೆ ಅವಳ ಜೊತೆ ಆ ಮನೆಗೆ ನಡೆದೆ. ಬಾಗಿಲಲ್ಲಿ ಅವಳು ಹಿಂಜರಿದಳು. "ತಪ್ಪು ಈಕಿದಲ್ರಿ, ನಂದು. ದಿನಾ ಬೆಳ್ಳುಳ್ಳಿ ತಿನ್ನಿಸಿದಾಂವ ನಾನು," ಎಂದು ಗೆಳತಿಯರೆದುರು ಹೇಳಿ, ಅವಳನ್ನು ಅಲ್ಲಿ ಕೂರಿಸಿ ಬಂದೆ.