ಗುರಪ್ಪ ಸರ್ ಕೆರೆದ ತೋಟಗಳು

ಬೇರೆ ಮಾಸ್ತರರ ಕಿಸೆಯಲ್ಲಿ ಪೆನ್ನು ಇರುತ್ತದೆ. ಗುರಪ್ಪ ಸರ್ ಕಿಸೆಯಲ್ಲಿ ಬಣ್ಣ ಕೆರೆಯುವ ಚಪ್ಪಟೆ ಚಾಕು ಇರುತ್ತಿತ್ತು. ಅದರಲ್ಲೇ ಪೇರಲ ಹಣ್ಣು ಕೊಯ್ದು ನಮಗೂ ಕೊಡುತ್ತಿದ್ದರು. ಹಣ್ಣಿಗೆ ಟರ್ಪೆಂಟೈನ್ ವಾಸನೆ ಬರುತ್ತಿದೆ ಎಂದರೆ, “ಕಲಾ ಅಂದ್ರ ಹಂಗ ತಂಗಿ, ಹೊಟ್ಟಿಗೆ ಇಳೀಬೇಕು” ಎನ್ನುತ್ತಿದ್ದರು.

ನಾನು ಹುಕ್ಕೇರಿಯಲ್ಲಿ ಶಾಲಾ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ನಲವತ್ತು ದಾಟಿದ ಮೇಲೆ ತೈಲವರ್ಣದ ಹುಚ್ಚು ಹಿಡಿದು, ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಸಂಕೇಶ್ವರದ ಅವರ ಮನೆಗೆ ಹೋಗುತ್ತಿದ್ದೆ. ಅವರು ನಿವೃತ್ತ ಚಿತ್ರಕಲಾ ಶಿಕ್ಷಕರು. ಕೊಲ್ಹಾಪುರದಲ್ಲಿ ಎರಡು ವರ್ಷ ಕಲಿತಿದ್ದರು. ಆ ಎರಡು ವರ್ಷವನ್ನು ಮುಂದೆ ನಲವತ್ತು ವರ್ಷ ಹೇಳಿದರು. ಅಲ್ಲಿ ಸೂರ್ಯನ ಹಳದಿಯೇ ಬೇರೆಯಂತೆ.

ಅವರ ಪಾಠ ಒಂದೇ: ಗೋಡೆಯ ಮೇಲಿದ್ದ ಪರದೇಶದ ತೋಟದ ಹಳೆಯ ಚಿತ್ರವನ್ನು ನಕಲು ಮಾಡುವುದು. ಕೊಳ, ಕಲ್ಲಿನ ಮೆಟ್ಟಿಲು, ಮನಬಂದಂತೆ ಬೆಳೆದ ಗುಲಾಬಿ. ಅಷ್ಟು ಹೂವಿನ ನಡುವೆ ಕಸ ತೆಗೆಯುವ ಒಬ್ಬ ಹೆಣ್ಣಾಳೂ ಇರಲಿಲ್ಲ. ನಕಲು ಸರಿಯಾಯಿತೆಂದು ಸರ್ ಒಪ್ಪಿದರೆ ಮಾತ್ರ ಮೂಲೆಯಲ್ಲಿ ಹೆಸರು ಹಾಕಲು ಅಪ್ಪಣೆ. ಇಪ್ಪತ್ತು ವರ್ಷ ಬೇರೆಯವರ ಹಾಳೆಗಳ ಕೆಳಗೆ ಸಹಿ ಮಾಡಿದವಳಿಗೆ, ನಾನೇ ಮಾಡಿದ ಒಂದರ ಕೆಳಗೆ ಹೆಸರು ಬರೆಯಬೇಕಿತ್ತು. ಅದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ಆದರೆ ನಾನು ಮಮದಾಪುರದ ಒಕ್ಕಲುತನದ ಮನೆಯವಳು. ಎಷ್ಟು ನೋಡಿ ಬರೆದರೂ ನನ್ನ ಗುಲಾಬಿಗಳು ಸಾಲು ಹಿಡಿದು ನಿಲ್ಲುತ್ತಿದ್ದವು, ನಡುವೆ ನೀರಿಗೆ ಜಾಗ ಬಿಟ್ಟುಕೊಂಡು. ಸರ್ ಕನ್ನಡಕ ಹಣೆಗೇರಿಸಿ ನೋಡಿದರು.

“ಅಕ್ಕೋರ, ಭಾಳ ಛಲೋ ಆಗೇತ್ರಿ. ಕಬ್ಬು ಯಾವಾಗ ಕಡಸ್ತೀರಿ?”

“ಸಾಲು ಇಲ್ಲಂದ್ರ ನೀರು ಹೆಂಗ ಹಾಸೂದ್ರಿ ಸರ್?”

“ಅಲ್ಲಿ ಮಳಿ ಬರತೈತಿ ತಂಗಿ. ನಿಮ್ಮಪ್ಪನ ಪಂಪ್‌ಸೆಟ್ ಬೇಕಾಗಿಲ್ಲ.”

ಚಾಕು ಹೊರಗೆ ಬಂತು. ಮೂರು ವಾರದ ಗುಲಾಬಿ ಹಳೆಯ ಪೇಪರಿನ ಮೇಲೆ ಮುದ್ದೆಯಾಗಿ ಬಿತ್ತು. ಹೀಗೆ ಮೂರು ವರ್ಷದಲ್ಲಿ ಐದು ತೋಟ ಕೆರೆದರು. ಐದನೆಯದು ಹೋದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಅತ್ತೆ.

ಅವರಿಗೆ ಇನ್ನೊಂದು ನಿಯಮವಿತ್ತು: ಹಸಿ ಬಣ್ಣಕ್ಕೆ ಕೈ ಹಚ್ಚಬಾರದು. ಒಣಗಿದೆಯೇ ಎಂದು ಬೆರಳಿಟ್ಟು ನೋಡಿದ, ನನ್ನಂತೆ ಕಲಿಯಲು ಬರುತ್ತಿದ್ದ ಒಬ್ಬ ವಕೀಲರನ್ನು, “ನಿಮ್ಮ ಕೈ ಕೋರ್ಟಿನ್ಯಾಗ ಇರ್ಲಿ” ಎಂದು ಮನೆಗೆ ಕಳಿಸಿದ್ದರು. ವಕೀಲರು ಮತ್ತೆ ಬರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದುಕೊಂಡಿತು. ಪಾಠ ನಿಂತಿತು. ನಾನು ಸಿಟ್ಟಿನಲ್ಲಿ ಮನೆಯಲ್ಲೇ ಆರನೆಯ ತೋಟ ಬರೆದೆ. ಸಾಲುಗಳನ್ನು ಮುಚ್ಚಿಡಲಿಲ್ಲ, ಬಣ್ಣ ದಪ್ಪಗೆ ಏರಿಸಿದೆ. ಕಾಣದವರ ಮುಂದೆ ಹಿಡಿದರೆ ಒಪ್ಪಿಯಾರು ಎಂಬ ಕಳ್ಳಬುದ್ಧಿಯೂ ಇತ್ತೆಂದು ಹೇಳಿಬಿಡುತ್ತೇನೆ. ಒಣಗುವ ಮೊದಲೇ ಅದನ್ನು ಸಂಕೇಶ್ವರಕ್ಕೆ ಒಯ್ದೆ.

“ಸರ್, ತೋಟ ತಂದೇನ್ರಿ. ಇನ್ನೂ ಹಸಿ ಐತಿ.”

ಅವರು ಕೈ ಚಾಚಿದರು. ಹೆಬ್ಬೆರಳನ್ನು ಕ್ಯಾನ್ವಾಸಿನ ಅಂಚಿನಿಂದ ಮೆಲ್ಲಗೆ ಎಳೆದರು. ನಾನು ಬೇಡವೆನ್ನಲಿಲ್ಲ. ಒಂದು ಸಾಲು, ಎರಡು ಸಾಲು, ಮೂರನೆಯದರಲ್ಲಿ ಬೆರಳು ನಿಂತಿತು.

“ಸಾಲು ನೆಟ್ಟಗ ಅದಾವು,” ಎಂದರು. “ನೀರು ಕಡೀತನಕ ಹೋಗತೈತಿ.”

ಕಿಸೆಗೆ ಕೈ ಹಾಕಿ ಚಾಕು ತೆಗೆದರು. ಆರನೆಯದೂ ಹೋಯಿತು ಅಂದುಕೊಂಡೆ. ಅವರು ತಡವರಿಸಿ ನನ್ನ ಕೈ ಹುಡುಕಿ, ಚಾಕುವನ್ನು ಅದರಲ್ಲಿಟ್ಟರು.

“ಹೆಸರು ಹಾಕ್ರಿ ಅಕ್ಕೋರ. ನಂದಲ್ಲ ಇದು, ಆ ಪರದೇಶದಾಂವಂದೂ ಅಲ್ಲ.”

ಅಲ್ಲೇ, ಅವರ ಎದುರಿಗೇ, ಚಾಕುವಿನ ತುದಿಯಿಂದ ಹಸಿ ಬಣ್ಣದಲ್ಲಿ ಹೆಸರು ಕೆತ್ತಿದೆ. ಅಕ್ಷರಗಳು ಸೊಟ್ಟಗೆ ಬಂದವು. ತಿಂಗಳೊಳಗೆ ಸರ್ ಹೋದರು.

ಚಿತ್ರ ಈಗ ನಮ್ಮ ಪಡಸಾಲೆಯಲ್ಲಿದೆ. ಬಂದವರು ಇದು ಯಾವ ಬೆಳೆ ಎಂದು ಕೇಳುತ್ತಾರೆ. ಮೂರನೆಯ ಸಾಲಿನಲ್ಲಿ ಹೆಬ್ಬೆರಳ ಗುರುತು ಹಾಗೇ ಒಣಗಿದೆ. ಹಸಿ ಬಣ್ಣ ಮುಟ್ಟಿದವರನ್ನು ಹೊರಗೆ ಹಾಕಬೇಕೆಂಬ ನಿಯಮ ನನಗೆ ನೆನಪಿದೆ. ಹಾಕೋಣವೆಂದರೆ ಮುಟ್ಟಿದವರೇ ಇಲ್ಲ.