ಪರದೆಯ ಹಿಂದಿನ ಗಾಂಧಾರ

ಬೆಳಗಿನ ಐದೂಕಾಲು. ಮರಾಠಿ ಊರಿನ ಕೊಂಢವಾ ಬಡಾವಣೆಯ ಓಣಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಇನ್ನೂ ಸದ್ದಿಲ್ಲ. ಹಾರ್ಮೋನಿಯಂ ಕಾರ್ಖಾನೆಯ ಶಟರನ್ನು ಅರ್ಧ ಎತ್ತಿ ಒಳಗೆ ನುಸುಳುವ ಪಾರವ್ವನವರ ಎದೆಯಲ್ಲಿ ನಿನ್ನೆಯಿಂದ ಒಂದು ಅಳುಕು. ಮಾಲೀಕರ ಮಗ ಪ್ರಣವನ ಮೊಬೈಲಿನ ಸ್ವರ ಅಳೆಯುವ ಆಪ್ ಸರಿಯೆಂದು ಹಸಿರು ತೋರಿಸುತ್ತಿದ್ದ ಒಂದು ಗಾಂಧಾರವನ್ನು ಅವರು ಕೂದಲೆಳೆಯಷ್ಟು ಇಳಿಸಿಬಿಟ್ಟಿದ್ದಾರೆ. ಈಗ ಅದು ಕೆಂಪು ತೋರಿಸುತ್ತದೆ. ‘ಸಿಕ್ಕರ ಕೆಲಸ ಹೋಗ್ತದ. ಹಂಗ ಬಿಟ್ಟಿದ್ದರ ಸ್ವರ ಹೋಗ್ತಿತ್ತು’ ಎಂದು ತಮ್ಮಷ್ಟಕ್ಕೆ ಗೊಣಗುತ್ತ ಪರದೆಯ ಹಿಂದೆ ಕೂರುತ್ತಾರೆ.

ಒಂದು ಪೇಟಿಗೆ, ಅಂದರೆ ಹಾರ್ಮೋನಿಯಮ್ಮಿಗೆ, ಬೆರಳೊತ್ತುವ ನಲವತ್ತೆರಡು ಮನೆ, ಮನೆಗೆರಡರಂತೆ ಗಾಳಿಗೆ ಮಿಡಿಯುವ ಎಂಬತ್ತನಾಲ್ಕು ಹಿತ್ತಾಳೆಯ ರೀಡು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದು ಕೆರೆತ ಹೆಚ್ಚಾದರೆ ರೀಡೇ ಹೋಯಿತು. ಎಂಟಕ್ಕೆ ಪಕ್ಕದ ಹೊಸ ಕಟ್ಟಡದಲ್ಲಿ ಡ್ರಿಲ್ಲು ಶುರು. ಅಷ್ಟರೊಳಗೆ ಮೂವತ್ತು ರೀಡು ಮುಗಿಯಬೇಕು. “ಆಮ್ಯಾಲ ಕಿವಿ ಇದ್ದೂ ಇಲ್ಲದಂಗ್ರಿ” ಎನ್ನುತ್ತಾರೆ ಪಾರವ್ವ.

ಮುದ್ದೇಬಿಹಾಳದ ಕಡೆಯ ಈ ಹೆಣ್ಣುಮಗಳು ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಕಸ ಹೊಡೆಯಲು. ಆಗ ಸ್ವರ ಕೂರಿಸುತ್ತಿದ್ದವರು ಈರಣ್ಣ ಮೇಸ್ತ್ರಿ. ಅವರ ಕಿವಿ ಮಂದವಾಗುತ್ತ ಬಂತು. ಕೆಲಸ ಹೋಗಬಾರದಲ್ಲ? ಪರದೆ ಕಟ್ಟಿದರು. ಮುಂದೆ ಅವರು ಗಿರಾಕಿಗಳ ಜೊತೆ ಮಾತಾಡುವುದು, ಹಿಂದೆ ಪಾರವ್ವ ಕೆರೆಯುವುದು. “ಅವರು ಕಲಿಸಿದ್ರು, ನಾ ಅವರ ಮಾನ ಕಾದೆ. ಅದು ಬ್ಯಾರೆ ಮಾತ್ರಿ.” ಈರಣ್ಣ ತೀರಿಕೊಂಡ ಮೇಲೂ ಪರದೆ ಮಾತ್ರ ಇಳಿಯಲಿಲ್ಲ. ‘ಕಸದಾಕೆ ಸ್ವರ ಹಚ್ಚಿದ ಪೇಟಿ ಅಂದರೆ ಯಾವ ಗವಾಯಿ ಮುಟ್ಟುತ್ತಾನೆ?’ ಎಂದರಂತೆ ಮಾಲೀಕರು. ಪ್ರತಿ ಪೇಟಿಯೊಳಗೂ ಈಗ ಮಾಲೀಕರದೇ ಹೆಸರಿನ ಚೀಟಿ.

ಅಂಗಡಿಗೆ ಬಂದವರಿಗೆಲ್ಲ ಮಾಲೀಕರು ಒಂದು ಕಥೆ ಹೇಳುತ್ತಾರೆ. ಭಜನೆಯಲ್ಲಿ ನಮ್ಮದೇ ಅನ್ನಿಸಿಕೊಂಡ ಈ ಪೇಟಿ ಹುಟ್ಟಿದ್ದು ಪ್ಯಾರಿಸ್‌ನಲ್ಲಿ. ಅಲ್ಲಿ ಕುರ್ಚಿಯ ಮೇಲೆ ಕೂತು ಕಾಲಿನಿಂದ ಗಾಳಿ ಒತ್ತುತ್ತಿದ್ದರು. ಕಲ್ಕತ್ತೆಯಲ್ಲಿ ಅದರ ಕಾಲು ತೆಗೆದು, ಕೈಯಿಂದ ಒತ್ತುವ ತಿದಿಯನ್ನು ಬೆನ್ನಿಗೆ ಕೂರಿಸಿದ ಮೇಲೆ ಅದು ಚಾಪೆಗಿಳಿಯಿತು. ನಮ್ಮ ಸ್ವರಕ್ಕೆ ಒಗ್ಗದೆಂದು ರೇಡಿಯೋದವರು ಮೂವತ್ತು ವರ್ಷ ಅದನ್ನು ಬಾಗಿಲಾಚೆ ಇಟ್ಟಿದ್ದರು. ಸಮುದ್ರದಾಚೆಯ ಈ ಹುಟ್ಟು ಮಾಲೀಕರಿಗೆ ಬಾಯಿಪಾಠ. “ಭಾಳ ಛಲೋ ಹೇಳ್ತಾರ್ರಿ. ಕೇಳಿ ಕೇಳಿ ನನಗೂ ಪೂರಾ ಬರ್ತದ. ನಾ ಒಬ್ಬಾಕಿನ ಅದರಾಗ ಇಲ್ಲ.”

ಹತ್ತಕ್ಕೆ, ಡ್ರಿಲ್ಲು ಚಹಾಕ್ಕೆಂದು ನಿಂತ ಹೊತ್ತಿಗೆ, ನಿಗಡಿ ಬಡಾವಣೆಯ ಸಂಗೀತದ ಟೀಚರು ಭಾಮಾ ಸ್ವರ ಕೂರಿಸಲು ಕೊಟ್ಟಿದ್ದ ತಮ್ಮ ಪೇಟಿ ಒಯ್ಯಲು ಬರುತ್ತಾರೆ. ಷಡ್ಜ ಹಿಡಿದು, ಗಾಂಧಾರ ಒತ್ತಿ, ಕಣ್ಣು ಮುಚ್ಚಿ ಅದಕ್ಕೆ ದನಿ ಸೇರಿಸುತ್ತಾರೆ. ಪ್ರಣವ ಮೊಬೈಲು ಹಿಡಿದು ನೋಡಿದರೆ ಕೆಂಪು.

“ಗಾಂಧಾರ ತಪ್ಪಿದೆ ಮೇಡಂ. ಇವತ್ತೇ ಸರಿಮಾಡಿಸಿ ಕೊಡ್ತೇನೆ” ಎನ್ನುತ್ತಾನೆ ಮರಾಠಿಯಲ್ಲಿ.

“ಆ ಮೊಬೈಲಿಗೇ ಹಾಡಲಿಕ್ಕೆ ಕಲಿಸಪ್ಪ ಹಾಗಾದರೆ” ಎನ್ನುತ್ತಾರೆ ಭಾಮಾ, ಅವರೂ ಮರಾಠಿಯಲ್ಲೇ. “ಹೋದ ಸಲ ಇದೇ ಗಾಂಧಾರ ಕಿವಿಗೆ ಚುಚ್ಚುತ್ತಿತ್ತು. ಈಗ ನನ್ನ ದನಿಯೊಳಗೇ ಕೂತಿದೆ. ಯಾರು ಹಚ್ಚಿದ್ದು?”

ಮಾಲೀಕರಿಗೆ ಉತ್ತರ ಹುಡುಕಬೇಕಾಗಿಲ್ಲ. “ನಾನೇ. ಮೂರು ತಲೆಮಾರಿನ ಕಿವಿ ನಮ್ಮದು. ಮಷೀನಿಗೆ ಏನು ಗೊತ್ತು?”

ಮೊನ್ನೆಯಷ್ಟೇ ‘ಮಷೀನು ಹೇಳಿದಂತೆ ಹಚ್ಚು, ಇಲ್ಲವಾದರೆ ಕಸಬರಿಗೆ ಹಿಡಿ’ ಎಂದದ್ದೂ ಇದೇ ಬಾಯಿ. ಒಳಗೆ ಪಾರವ್ವನವರ ಕೈಯಲ್ಲಿದ್ದ ಅರ ನಿಲ್ಲುತ್ತದೆ. ಎದ್ದು, ಸೀರೆಯ ಮೇಲಿನ ಹಿತ್ತಾಳೆಯ ಪುಡಿ ಕೊಡವಿಕೊಂಡು, ಹೊರಗೆ ಬಂದು ನಿಲ್ಲುತ್ತಾರೆ.

ಮಾಲೀಕರು ತಿರುಗಿಯೂ ನೋಡದೆ, “ಪಾರೂ, ಮೇಡಂಗೆ ಚಹಾ ಹೇಳು” ಎನ್ನುತ್ತಾರೆ.

ಪಾರವ್ವ ಚಹಾ ಹೇಳಲು ಹೋಗುವುದಿಲ್ಲ. ಅಂಗಡಿಯಲ್ಲಿದ್ದವರಿಗೆಲ್ಲ ತಿಳಿಯಲೆಂದು ಮರಾಠಿಯಲ್ಲೇ, ನೆಲ ನೋಡುತ್ತ ಶುರುಮಾಡಿ, ಮುಖ ಎತ್ತಿ ಮುಗಿಸುತ್ತಾರೆ:

“ಮಷೀನಿನ ಮಾತು ಕೇಳದೆ ಆ ಗಾಂಧಾರ ಇಳಿಸಿದಾಕಿ ನಾನು.”