ಮೂಗು ಬಂದರೇ ನಶ್ಯ

ನಶ್ಯದಂಗಡಿ ಶೆಟ್ಟರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡಕ್ಕೂ ಹುರಿದ ಕಾಫಿಬೀಜದ ಬಣ್ಣ. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಮದುವೆಮನೆಯ ಪಂಕ್ತಿಯಲ್ಲಿ ಅವರು ಬಂದು ಕೂತರೆ ಪಕ್ಕದವರು ಸೀನುವುದಕ್ಕೆ ಸಿದ್ಧರಾಗುತ್ತಿದ್ದರು. ಕೊಡಗೇ ಒಂದು ರಾಜ್ಯವಾಗಿದ್ದ, ಮಡಿಕೇರಿಯಲ್ಲೇ ನಮ್ಮ ಸರ್ಕಾರವಿದ್ದ ಕಾಲ ಅದು. ಕೊಡ್ಲಿಪೇಟೆ ಹತ್ತಿರದ ನಮ್ಮೂರಿನಲ್ಲಿ ನಶ್ಯಕ್ಕೆ ಇದ್ದದ್ದು ಅವರದೊಂದೇ ಅಂಗಡಿ.

ಹೊಗೆಸೊಪ್ಪನ್ನು ಅವರೇ ಹುರಿದು, ತುಪ್ಪ ಸುಣ್ಣ ಬೆರೆಸಿ ಅರೆಯುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಘಾಟು. ಮೊದಲು ಒಂದು ಚಿಟಿಕೆ ಏರಿಸಿ ನೋಡಬೇಕು, ಮೂಗು ಒಪ್ಪಿದ ಮೇಲೇ ಡಬ್ಬಿ ತುಂಬಿಸುವುದು. ನಶ್ಯ ಒಳ್ಳೆಯದೆಂದು ನಾನು ಹೇಳುತ್ತಿಲ್ಲ; ಆ ವಾಸನೆ ನನಗೆ ಇವತ್ತಿಗೂ ಆಗದು. ಆದರೂ ಶೆಟ್ಟರನ್ನು ನೆನೆದಾಗಲೆಲ್ಲ ಕೈಮುಗಿಯುತ್ತೇನೆ.

ನನ್ನ ಅತ್ತೆ ಅವರ ಹಳೆಯ ಗಿರಾಕಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಆ ಮನೆಗೆ ಸೊಸೆಯಾಗಿ ಬಂದ ನನಗೆ ತಲೆ ಬಾಚಿದವರು, ಬೈದವರು, ಉಣ್ಣುವಾಗ ಎದುರು ಕೂತವರು ಎಲ್ಲಾ ಆಕೆಯೇ. ಒಂದು ಮಳೆಗಾಲದಲ್ಲಿ ಅವರು ಜ್ವರ ಬಂದು ಮಲಗಿದರು. ಜ್ವರ ಬಿಟ್ಟಿತು, ಹಾಸಿಗೆ ಬಿಡಲಿಲ್ಲ. ಅದಕ್ಕೆ ಕಾರಣ ನಮ್ಮ ಪ್ರೀತಿ. ಸೊಸೆ ಇದ್ದೂ ಅತ್ತೆ ಒಂದು ಚೊಂಬು ನೀರು ಎತ್ತಿದರೆ ನಮ್ಮ ಕಡೆ ಮನೆತನಕ್ಕೇ ಕುಂದು. ಹಾಸಿಗೆಗೇ ಗಂಜಿ, ಹಾಸಿಗೆಗೇ ಬಿಸಿನೀರು. ಸ್ವಲ್ಪ ಎದ್ದರೂ ನನ್ನ ಯಜಮಾನರು "ನೀ ಏಳ್ಬೇಡ ಕಣವ್ವ" ಎಂದು ಮತ್ತೆ ಮಲಗಿಸುತ್ತಿದ್ದರು. ದೀಪಾವಳಿ ಹೊತ್ತಿಗೆ ಅವರ ತೊಡೆ ನನ್ನ ತೋಳಿನಷ್ಟಾಗಿತ್ತು. ಹಿತ್ತಲಿಗೆ ಹೋಗಲೂ ಇಬ್ಬರು ಹಿಡಿಯಬೇಕು. "ನಾ ಇನ್ನು ಏಳಲ್ಲ ಬಿಡೆ" ಎಂದು ಒಂದು ದಿನ ಅವರೇ ಅಂದರು. ಇನ್ನೊಬ್ಬ ತಾಯಿಯನ್ನೂ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿತು.

ಅಷ್ಟರಲ್ಲಿ ಅವರ ನಶ್ಯ ಮುಗಿಯಿತು. ಡಬ್ಬಿ ಹಿಡಿದು ನಾನೇ ಹೋದೆ. ಶೆಟ್ಟರು ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಮೂಗೆಲ್ಲವ್ವ?"

"ಮಲಗವ್ರೆ ಶೆಟ್ರೆ. ಏಳಾಕಾಗಲ್ಲ."

"ಮೂಗು ಬಂದ್ರೇ ನಶ್ಯ" ಎಂದು ಖಾಲಿ ಡಬ್ಬಿಯನ್ನು ನನ್ನ ಕೈಗೇ ಇಟ್ಟರು.

ಯಜಮಾನರು ಕೆಂಡವಾದರು. ಶನಿವಾರಸಂತೆಗೆ ಹೋಗಿ ಬೇರೆ ನಶ್ಯ ತಂದರು. ಅತ್ತೆ ಒಮ್ಮೆ ಏರಿಸಿ, "ಥೂ, ಬೂದಿ!" ಎಂದು ಪೊಟ್ಟಣ ಎಸೆದರು. "ಎಬ್ಸೆ ನನ್ನ. ಆ ಶೆಟ್ಟಿ ಮಕಕ್ಕೇ ಎರಡು ಮಾತು ಕೇಳ್ಬೇಕು."

ಸಿಟ್ಟಿನ ಬಲಕ್ಕೆ ನನ್ನ ಹೆಗಲೂ ಸೇರಿ ಜಗಲಿವರೆಗೆ ಬಂದೆವು. ಅಷ್ಟೇ ಸಾಧ್ಯವಾದದ್ದು. ಅಂಗಡಿ ರಸ್ತೆಯ ಆಚೆಗೇ ಇತ್ತು. ನೋಡಿದವರೇ ಶೆಟ್ಟರು ಚಿಟಿಕೆ ನಶ್ಯ ಹಿಡಿದು ಜಗಲಿಗೆ ಬಂದರು, ಬೈಗುಳವನ್ನೆಲ್ಲ ನಗುತ್ತಾ ಕೇಳಿಸಿಕೊಂಡರು, ಚಿಟಿಕೆ ಕೊಟ್ಟು ಹೋದರು. ಮರುದಿನ ಅಂಗಳದಲ್ಲೇ ನಿಂತರು. ಆಮೇಲೆ ಹಲಸಿನ ಮರದ ಬುಡ. ಆಮೇಲೆ ಬೇಲಿಯಾಚೆ. ಅತ್ತೆ ಮುಂದೆ ಬಂದಂತೆಲ್ಲ ಶೆಟ್ಟರು ಹಿಂದೆ ಹಿಂದೆ. "ಕಳ್ಳ ಕಣೇ ಇವ್ನು" ಎನ್ನುತ್ತಲೇ ಅತ್ತೆ ಕೋಲೂರಿ ಹೆಜ್ಜೆ ಹಾಕುತ್ತಿದ್ದರು. ಈ ಆಟ ನೋಡಲು ಯಜಮಾನರೂ ಗದ್ದೆ ಕೆಲಸ ಬಿಟ್ಟು ಬಂದು ನಿಲ್ಲುವಂತಾಯಿತು.

ಅಂಗಡಿ ತಲುಪಿದ ಮೇಲೂ ಶೆಟ್ಟರು ಡಬ್ಬಿ ತುಂಬಿಸಲಿಲ್ಲ. ಆವತ್ತಿಗೆ ಆವತ್ತಿನದಷ್ಟೇ. "ತುಂಬ್ಸಿ ಕೊಟ್ರೆ ಹದಿನೈದು ದಿನ ಮಕ ತೋರ್ಸಲ್ಲ ನಿಮ್ಮತ್ತೆ. ಕೂತು ಉಂಡ್ರೆ ಕುಡಿಕೆ ಹೊನ್ನು ಸಾಲ್ದು ಅಂತಾರಲ್ಲ, ಕಾಲೂ ಸಾಲ್ದು ಕಣವ್ವ." ಸುಗ್ಗಿ ಮುಗಿಯುವುದರೊಳಗೆ ಅತ್ತೆಗೆ ಹಸಿವು ಬಂತು, ನಿದ್ದೆ ಬಂತು, ಕೋಲು ಮೂಲೆ ಸೇರಿತು. ನನ್ನನ್ನು ಅಡುಗೆಮನೆಯಿಂದ ಓಡಿಸುವ ಗಂಟಲೂ ಬಂತು.

ಇದೆಲ್ಲ ನಿಮಗೆ ಹೇಗೆ ಹೊಳೆಯಿತು ಎಂದು ಒಮ್ಮೆ ಕೇಳಿದೆ. ಶೆಟ್ಟರು ಅರೆಯುತ್ತಿದ್ದ ಕೈ ನಿಲ್ಲಿಸಿದರು.

"ನಮ್ಮಪ್ಪನ್ನ ನಾವೂ ಹಿಂಗೇ ಚೆನ್ನಾಗ್ ನೋಡ್ಕಂಡ್ವಿ ಕಣವ್ವ. ಕೂತಲ್ಲಿಗೇ ಎಲ್ಲಾ ಕೊಟ್ವಿ. ಅವ್ರು ಮತ್ತೆ ಏಳ್ಲೇ ಇಲ್ಲ."

ಕೊಡಗು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ಊರಲ್ಲೆಲ್ಲ ನಡೆಯುತ್ತಿದ್ದಾಗ ಶೆಟ್ಟರು ತೀರಿಕೊಂಡರು. ಹಿಂದಿನ ದಿನ ಪೇಟೆಗೆ ನಡೆದು ಹೋಗಿ ಬಂದವರು, ಮಲಗಿದಲ್ಲೇ ಹೋಗಿಬಿಟ್ಟರು. ಅವರ ಮನೆ ದಿಣ್ಣೆಯ ಮೇಲೆ. ಯಜಮಾನರು ಗಾಡಿ ಕಟ್ಟಿ ನಿಲ್ಲಿಸಿದರು. "ಎತ್ತು ಬಿಚ್ಚಪ್ಪ. ಅವ್ನ ಮನೆಗೆ ನಾ ಗಾಡೀಲಿ ಹೋಗ್ಲಾ?" ಎಂದು ಅತ್ತೆ ಏರು ಹತ್ತಿದರು. ಕಣ್ಣೀರು ಒರೆಸಿಕೊಳ್ಳಲು ಅಲ್ಲಲ್ಲಿ ನಿಂತರೇ ಹೊರತು ದಣಿದು ನಿಲ್ಲಲಿಲ್ಲ.

ಮರುವರ್ಷ ನನಗೆ ಮಗಳು ಹುಟ್ಟಿದಳು. ತವರಿನಲ್ಲಿ ಬಾಣಂತನ ಮಾಡುವವರು ನನಗಿರಲಿಲ್ಲ. ಅತ್ತೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು ಎರೆದರು. ಎರೆದು, ಬಟ್ಟೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಬಾಣಂತಿ ಕೋಣೆಯ ಬಾಗಿಲಿಂದ ನೋಡುತ್ತಿದ್ದ ನಾನು "ಶೆಟ್ರೇ" ಎಂದು ಜೋರಾಗಿಯೇ ಅಂದು ಅತ್ತುಬಿಟ್ಟೆ.